ದ್ರೌಪದಿಬಾಯಿಯವರ ಎದುರು ನನ್ನ ವಾದ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಈ ಬಿಸಿಲಿನಲ್ಲಿ ಬೆಳಗಾವಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಕಾನೂನು ಕಾಲೇಜಿನ ಪ್ರಾಚಾರ್ಯರೇ, ಇಂದು ಪಾಟೀಸವಾಲು ಮಾಡಲು ಅವಕಾಶವಿಲ್ಲದೆ ಸುಮ್ಮನೆ ಕುಳಿತಿರುವ ಚಿಕ್ಕೋಡಿಯ ನನ್ನ ವಕೀಲ ಮಿತ್ರರೇ, ವಿದ್ಯಾರ್ಥಿಗಳೇ, ಸದಲಗಾದಿಂದ ಟೆಂಪೋ ಮಾಡಿಕೊಂಡು ಬಂದಿರುವ ತಾಯಂದಿರೇ, ಸಭಿಕರೇ,

ನಾನು ವಕೀಲ ನೇಮಿನಾಥ. ಕಾಲೇಜಿನ ಈ ವರ್ಷದ, ಅಂದರೆ ಎರಡು ಸಾವಿರದ ಹದಿನಾಲ್ಕರ ವಾರ್ಷಿಕೋತ್ಸವದಲ್ಲಿ, ಕೊನೆಯ ವರ್ಷದ ವಿದ್ಯಾರ್ಥಿನಿ ಕುಮಾರಿ ನೀಲಮಳನ್ನು ಸನ್ಮಾನಿಸುವ ಮೊದಲು ಅವಳ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನನಗೆ ಹೇಳಿದ್ದಾರೆ. ನಾಲ್ಕೇ ಮಾತು ಎಂದು ಅಧ್ಯಕ್ಷರು ಒತ್ತಿ ಹೇಳಿದ್ದಾರೆ. ವಕೀಲನಿಗೆ ಮೈಕು ಕೊಟ್ಟು ಹಾಗೆ ಹೇಳುವುದು ಅವರ ದೊಡ್ಡ ಮನಸ್ಸು.

ನೀಲಮ ಎರಡು ವರ್ಷದಿಂದ ನನ್ನ ಆಫೀಸಿನಲ್ಲಿ ಕೆಲಸ ಕಲಿಯುತ್ತಿದ್ದಾಳೆ. ಈಗ ಅವಳು ಮೂರು ತಿಂಗಳ ಇಂಟರ್ನ್‌ಶಿಪ್‌ಗೆ ಆಯ್ಕೆಯಾಗಿದ್ದಾಳೆ. ಎಲ್ಲಿಗೆ? ಹಂಗೇರಿ ದೇಶದ ಬುಡಾಪೆಸ್ಟ್ ನಗರಕ್ಕೆ. ಯಾವ ಕೆಲಸಕ್ಕೆ? ಲಾಭಕ್ಕಾಗಿ ನಡೆಯದ ಸಂಘ ಸಂಸ್ಥೆಗಳ ಬಗ್ಗೆ ದೇಶ ದೇಶಗಳ ಕಾನೂನು ಏನು ಹೇಳುತ್ತದೆ ಎಂದು ನೋಡುವ ಒಂದು ಅಂತಾರಾಷ್ಟ್ರೀಯ ಸಂಸ್ಥೆಯಲ್ಲಿ. ಚಪ್ಪಾಳೆ ಹೊಡೆದಿರಿ, ಸಂತೋಷ. ಆದರೆ ಒಂದು ತೊಡಕಿದೆ. ಅವಳ ತಾಯಿ ದ್ರೌಪದಿಬಾಯಿಯವರು ಇನ್ನೂ ಹೂಂ ಎಂದಿಲ್ಲ. ಅಗೋ, ಮೂರನೆಯ ಸಾಲಿನಲ್ಲಿ ಚೀಲ ಹಿಡಿದುಕೊಂಡು ಕುಳಿತಿದ್ದಾರೆ. ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುವ ತಂದೆ ರಾಜಾರಾಮ ಅವರನ್ನು ಕೇಳಿದರೆ, "ಆಕಿ ಹೂಂ ಅಂದ್ರ ನಂದೂ ಹೂಂ ಅನ್ರಿ" ಎಂದು ಪಾರಾಗಿಬಿಟ್ಟರು. ಹೀಗಾಗಿ ಈ ಸಭೆಯಲ್ಲಿ ನನಗೆ ನ್ಯಾಯಾಧೀಶರು ಒಬ್ಬರೇ.

ಹೋದ ವಾರ ಒಪ್ಪಿಸಿ ಬರೋಣವೆಂದು ನಾನೇ ಸದಲಗಾಕ್ಕೆ ಹೋಗಿದ್ದೆ. ದ್ರೌಪದಿಬಾಯಿ ಎಮ್ಮೆಗೆ ಮೇವು ಹಾಕುತ್ತಿದ್ದರು. ನಾನು ಅಂತಾರಾಷ್ಟ್ರೀಯ ನಾಗರಿಕ ಸಮಾಜ, ಸಂಘಟನಾ ಸ್ವಾತಂತ್ರ್ಯ ಎಂದೆಲ್ಲ ನನ್ನ ಬತ್ತಳಿಕೆ ಖಾಲಿಯಾಗುವ ತನಕ ಹೇಳಿದೆ. ಅವರು ಮೇವು ಹಾಕುವುದು ಮುಗಿಸಿ ಕೇಳಿದರು, "ಅಲ್ಲಿ ಕೋರ್ಟ ಐತೇನ್ರಿ ವಕೀಲ್ರ?"

ಇಲ್ಲ ಎಂದೆ.

"ಕಕ್ಷಿದಾರ್ರು ಬರ್ತಾರೇನ್ರಿ?"

ಅವರೂ ಬರುವುದಿಲ್ಲ ಎಂದೆ.

"ಮತ್ತ ನನ್ನ ಮಗಳು ಅಷ್ಟ ದೂರ ಹೋಗಿ ಯಾರ ಪರ ಮಾತಾಡ್ತಾಳ್ರಿ?"

ಸಭಿಕರೇ, ನನ್ನ ಇಷ್ಟು ವರ್ಷದ ವಕೀಲಿಯಲ್ಲಿ ಯಾವ ನ್ಯಾಯಾಧೀಶರೂ ನನ್ನನ್ನು ಇಷ್ಟು ಬೇಗ ಕೂರಿಸಿರಲಿಲ್ಲ. ಮನೆಗೆ ಬಂದು ನನ್ನ ಹೆಂಡತಿ ಲಕ್ಷ್ಮಿಬಾಯಿಗೆ ಹೇಳಿದೆ. "ಆಕಿ ಕೇಳಿದ್ದು ಖರೇನ ಐತಿ. ನಿಮಗ ಹೇಳಾಕ ಬರಲಿಲ್ಲ" ಎಂದಳು. ಹಾಗಾಗಿ ಇಂದು ಇನ್ನೊಮ್ಮೆ ಹೇಳಲು ನಿಂತಿದ್ದೇನೆ. ದ್ರೌಪದಿಬಾಯಿಯವರೇ, ನಿಮಗೆ ಗೊತ್ತಿರುವ ಕಥೆಯನ್ನೇ ಹೇಳುತ್ತೇನೆ.

ಎರಡು ಸಾವಿರದ ಐದರ ಮಹಾಪೂರ ಯಾರಿಗೆ ನೆನಪಿಲ್ಲ? ದೂಧಗಂಗೆ ಇಳಿದ ಮೇಲೆ ಎರಡೂ ದಂಡೆಯ ಹೆಂಗಸರು ಕೂಡಿ ಮನೆ ಮನೆಯ ಕೆಸರು ಬಳಿದರು. ಎಮ್ಮೆ ಕಳೆದುಕೊಂಡವರ ಮಕ್ಕಳಿಗೆ ಉಳಿದವರು ಹಾಲು ಹಂಚಿದರು. ಅವರಲ್ಲಿ ಈಚೆಯವರೆಷ್ಟು, ಆಚೆ ಮಹಾರಾಷ್ಟ್ರದವರೆಷ್ಟು ಎಂದು ಯಾರೂ ಕೇಳಲಿಲ್ಲ. ಕೇಳುವುದೇನು, ನಮ್ಮಲ್ಲಿ ಹೆಣ್ಣು ಕೊಡುವುದೇ ಹೊಳೆ ಆಚೆ. ಆಚೆ ದಂಡೆಯ ಸೊಸೆಯಂದಿರೆಲ್ಲ ಈಚೆ ದಂಡೆಯ ಮಕ್ಕಳು. ದ್ರೌಪದಿಬಾಯಿಯವರ ಅಕ್ಕ ತಾರವ್ವ ಕೂಡ ಹಾಗೇ ಆಚೆ ಹೋದವರು. ಇಂದು ತಂಗಿಯ ಪಕ್ಕದಲ್ಲೇ ಕುಳಿತಿದ್ದಾರೆ.

ಕೆಲವು ವರ್ಷ ಕಳೆದು ಆ ಹೆಂಗಸರು ಅದೇ ಕೆಲಸ ಮುಂದುವರಿಸಲು ಒಂದು ಸಂಘ ಕಟ್ಟಿಕೊಂಡು ಅದನ್ನು ನೋಂದಾಯಿಸಲು ಹೊರಟರು. ಅರ್ಜಿಯಲ್ಲಿ ಊರು ಯಾವುದು ಎಂದು ಕೇಳಿತ್ತು. ಆಚೆ ಕೊಟ್ಟ ಹೆಣ್ಣುಮಕ್ಕಳೂ ಸದಲಗಾ ಎಂದೇ ಬರೆಸಿದರು. ಸುಳ್ಳು ಹೇಳಬೇಕೆಂದಲ್ಲ. ನಮ್ಮ ಕಡೆಯ ಹೆಣ್ಣುಮಗಳನ್ನು ನಿನ್ನ ಊರು ಯಾವುದು ಎಂದು ಕೇಳಿ ನೋಡಿ. ಮೊಮ್ಮಕ್ಕಳ ಮದುವೆ ಮಾಡಿದವಳೂ ತವರಿನ ಹೆಸರನ್ನೇ ಹೇಳುತ್ತಾಳೆ. ತಪಾಸಣೆಗೆ ಬಂದ ಸಾಹೇಬರು ತಾರವ್ವ ಎಲ್ಲಿ ಎಂದರು.

"ಮನ್ಯಾಗ ಅದಾಳ್ರಿ."

ಮನೆ ಎಲ್ಲಿ ಎಂದರು.

"ಹೊಳಿ ಆಚೆ ರೀ."

ಮತ್ತೆ ಸದಲಗಾ ಎಂದು ಬರೆಸಿದ್ದೀರಲ್ಲ ಎಂದರೆ, ಎಲ್ಲರೂ ಕೂಡಿ ಕೇಳಿದರು, "ಮತ್ತ ಆಕಿ ಊರು ಇದ ಅಲ್ಲೇನ್ರಿ?"

ಅರ್ಜಿ ವಾಪಸ್ ಬಂತು. ನನ್ನ ಆಫೀಸಿಗೆ ತಂದರು. ಆಚೆಯವರನ್ನು ಕೈಬಿಡಿ, ಎಂಟು ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದು ನಾನು ಹೇಳಿದೆ. ಯಾವ ವಕೀಲನಾದರೂ ಅದನ್ನೇ ಹೇಳುತ್ತಿದ್ದ. ದ್ರೌಪದಿಬಾಯಿ ನನ್ನ ಮುಖ ನೋಡಿ, "ಅಕ್ಕನ್ನ ಬಿಟ್ಟು ಸಂಘಾ ಹೆಂಗ ಮಾಡೂದ್ರಿ?" ಎಂದರು. ಆಗ ನೀಲಮ ಐದು ವರ್ಷದ ಕೋರ್ಸಿನ ಎರಡನೆಯ ವರ್ಷದಲ್ಲಿದ್ದಳು, ನನ್ನ ಆಫೀಸಿಗೆ ಇನ್ನೂ ಸೇರಿರಲಿಲ್ಲ. ತಾಯಿಯ ಹಿಂದೆ ನಿಂತಿದ್ದವಳು ನನ್ನ ಕಪಾಟಿನಿಂದ ಕಾಯ್ದೆಯ ಪುಸ್ತಕ ಕೇಳಿ ತೆಗೆದುಕೊಂಡು ಹೋದಳು. ಮರುವಾರ ಬಂದು ಹೇಳಿದಳು, "ಸರ್, ಸದಸ್ಯರು ಯಾವ ದಂಡಿಮ್ಯಾಲ ಇರಬೇಕಂತ ಇದರಾಗ ಎಲ್ಲೂ ಹೇಳಿಲ್ಲ. ಖರೆ ವಿಳಾಸ ಬರದು ಕೊಡೂಣು. ನಾ ತಿರಗ್ಯಾಡತೀನಿ."

ತಿರುಗಾಡಿದಳು. ಕಚೇರಿಯವರಿಗೆ ನಮ್ಮ ರೂಢಿಯನ್ನು ವಿವರಿಸಿದಳು, ಬೇಸರ ಮಾಡಿಕೊಂಡವರಿಗೆ ಮತ್ತೆ ವಿವರಿಸಿದಳು. ಸಂಘ ನೋಂದಣಿಯಾಯಿತು. ತಾರವ್ವ ಅದರ ಅಧ್ಯಕ್ಷೆಯಾದರು.

ಈಗ ನೀವೇ ಹೇಳಿ, ಆ ದಿನ ನೀಲಮ ಯಾರ ಪರ ಮಾತನಾಡಿದಳು? ತಾಯಿಯ ಪರವೇ? ದೊಡ್ಡಮ್ಮನ ಪರವೇ? ಇಬ್ಬರೂ ಒಂದೇ ಚಾಪೆಯ ಮೇಲೆ ಕೂಡುವ ಹಕ್ಕಿನ ಪರ ಮಾತನಾಡಿದಳು. ನಾಲ್ಕು ಜನ ಕೂಡಿ ಒಂದು ಒಳ್ಳೆಯ ಕೆಲಸ ಮಾಡಲು ಹೊರಟರೆ ಹತ್ತು ಕಡೆ ತಡೆಯುವ ದೇಶಗಳೂ ಜಗತ್ತಿನಲ್ಲಿವೆ. ಅಂಥ ಕಾನೂನುಗಳನ್ನು ಓದಿ, ಜನ ಕೂಡಲು ಎಲ್ಲಿ ದಾರಿಯಿದೆ ಎಂದು ಹುಡುಕುವುದೇ ಅಲ್ಲಿಯ ಕೆಲಸ. ಅಲ್ಲಿ ಕೋರ್ಟಿಲ್ಲ, ನಿಜ. ಅಂದು ನನ್ನ ಆಫೀಸಿನಲ್ಲೂ ಕೋರ್ಟಿರಲಿಲ್ಲ.

ಅವಳು ಹೋದರೆ ನನ್ನ ಆಫೀಸಿಗೆ ಏನೂ ತೊಂದರೆಯಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಫೈಲುಗಳನ್ನು ನಾನೇ ಹುಡುಕಿಕೊಳ್ಳುತ್ತೇನೆ. ನನ್ನ ಕನ್ನಡಕವನ್ನೂ ನಾನೇ ಹುಡುಕಿಕೊಳ್ಳುತ್ತೇನೆ. ಅವಳ ಕುರ್ಚಿಯ ಮೇಲೆ ಯಾರೂ ಕೂಡಬಾರದೆಂದು ಗುಮಾಸ್ತ ಧೂಳಪ್ಪನಿಗೆ ಈಗಲೇ ಹೇಳಿಟ್ಟಿದ್ದೇನೆ, ಅದು ಬೇರೆ ಮಾತು. ದ್ರೌಪದಿಬಾಯಿ ಹೂಂ ಎನ್ನದ ಆ ದಿನ ಬಸ್ಸಿನಲ್ಲಿ ಬರುವಾಗ ನನಗೆ ಒಳಗೊಳಗೇ ಹಾಯೆನಿಸಿತು. ಇದನ್ನು ಇಲ್ಲಿ ಹೇಳಬೇಕೆಂದಿರಲಿಲ್ಲ. ಪ್ರಾಚಾರ್ಯರು ನಗುತ್ತಿದ್ದಾರೆ, ನಗಲಿ. ನಾನು ತಪ್ಪು ಹೇಳಿದಾಗ ತಪ್ಪು ಎಂದು ನನ್ನ ಎದುರಿಗೇ ಹೇಳುವವಳು ಆ ಆಫೀಸಿನಲ್ಲಿ ಅವಳೊಬ್ಬಳೇ ಇದ್ದಾಳೆ.

ಇನ್ನೊಂದು ಮಾತಿದೆ. ಅಂದು ಹೊರಡುವಾಗ ದ್ರೌಪದಿಬಾಯಿ ಅಂಗಳದ ತುದಿಯವರೆಗೆ ಬಂದು, ಯಾರಿಗೂ ಕೇಳಿಸದಂತೆ ಹೇಳಿದರು, "ಹೊಳಿ ಆಚೆ ಕೊಟ್ರ ಮನಸಿಗಿ ಬ್ಯಾಸರಾದಾಗ ತವರಿಗಿ ನಡಕೋಂತ ಬರ್ತಾಳ್ರಿ. ಅಲ್ಲಿ ಕುಂತು ಅತ್ರ ನನಗ ಹೆಂಗ ಕೇಳಸ್ತೈತಿ?"

ಇದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ. ನಾನು ಹುಡುಕಿದ್ದೇನೆ. ಆ ಬುಡಾಪೆಸ್ಟ್ ನಗರವೂ ಹೊಳೆಯ ಎರಡು ದಂಡೆಯ ಮೇಲಿದೆ, ಹಿಂದೆ ಎರಡು ಊರುಗಳಾಗಿದ್ದವು ಒಂದಾಗಿವೆ ಎಂದು ಹೇಳಿ ಸಮಾಧಾನ ಮಾಡಬಹುದು. ಆದರೆ ತಾಯಿಗೆ ಅದು ಉತ್ತರವಲ್ಲ. ನನಗೂ ಅಲ್ಲ. ಆದ್ದರಿಂದ, ದ್ರೌಪದಿಬಾಯಿಯವರೇ, ನನ್ನ ಕೊನೆಯ ವಿನಂತಿ ಏನೆಂದರೆ...

ಅವರು ಎದ್ದರು. ಕೂಡ್ರಿ ಬಾಯಾರ, ಇನ್ನೂ ಮುಗಿದಿಲ್ಲ. ಇಲ್ಲ, ಇತ್ತಲೇ ಬರುತ್ತಿದ್ದಾರೆ. ತಾರವ್ವನೂ ಎದ್ದರು. ಸ್ವಲ್ಪ ದಾರಿ ಬಿಡಿ.

ಚೀಲದಿಂದ ತೆಂಗಿನಕಾಯಿ ತೆಗೆದರು. ಅಕ್ಕಿಯನ್ನೂ ತಂದಿದ್ದಾರೆ. ಕುಪ್ಪಸದ ಖಣವಿದೆ, ಅರಿಶಿನ ಕುಂಕುಮವಿದೆ. ಉಡಿ ತುಂಬುವ ಸಾಮಾನು. ಮುಖ್ಯ ಅತಿಥಿಗಳೇ, ನಮ್ಮ ಕಡೆ ಮಗಳು ತವರಿನಿಂದ ಹೊರಟಾಗ ಮಡಿಲಿಗೆ ಇದನ್ನು ತುಂಬಿ ಕಳಿಸುತ್ತಾರೆ, ಎಲ್ಲಿದ್ದರೂ ಈ ಮನೆ ನಿನ್ನದೇ ಎಂದು. ಮದುವೆಯಾದವರಿಗೆ ತುಂಬುವುದು ರೂಢಿ. ಇಂದು ರೂಢಿಯನ್ನು ಕೇಳುವವರು ಯಾರು?

ಹಾಗಾದರೆ ಇವರು ಮನೆಯಿಂದ ಹೊರಡುವಾಗಲೇ ತೀರ್ಪು ಬರೆದುಕೊಂಡೇ ಬಂದಿದ್ದರು. ನಾನು ಇಷ್ಟು ಹೊತ್ತು ಗಂಟಲು ಹರಿದುಕೊಂಡೆ.

ನೀಲಮ, ಹಂಗ್ಯಾಕ ನಿಂತಿ? ಅಳೂದು ಆಮ್ಯಾಲ. ಬಾ, ಓಡಣಿ ಚಾಚು, ನಿಮ್ಮವ್ವ ಕಾಯಾಕತ್ತಾಳ.

ಅಧ್ಯಕ್ಷರೇ, ಶಾಲು ಆಮೇಲೆ ಹೊದಿಸೋಣ, ಮೊದಲು ಇದಾಗಲಿ. ನನ್ನ ನಾಲ್ಕು ಮಾತು ನಾನೂರಾದವು, ತಾಳ್ಮೆಯಿಂದ ಕೇಳಿದಿರಿ. ನಿಮಗೆಲ್ಲ, ಮೂರನೆಯ ಸಾಲಿಗೆ ವಿಶೇಷವಾಗಿ, ನನ್ನ ಕೃತಜ್ಞತೆಗಳು. ನಮಸ್ಕಾರ.