ಅವ್ವ ಕೆಮ್ಮಿದರೆ ಇಳಿಯುವ ಸೌಂಡು

ಬಾಗಿಲು ಮುಂದೆ ಮಾಡಿ ಬನ್ನಿ, ಗಾಳಿ ಹೊಡೀತದೆ... ಹಾಂ, ಕೂತ್ಕೊಳ್ಳಿ. ಇದು ಅವರಿವರಿಂದ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗ ಗಣಪನಿಗೇ ಆದದ್ದು. ಯಲ್ಲಾಪುರದಲ್ಲಿ ಟೀವಿ, ಟೇಪು, ಸ್ಪೀಕರು ರಿಪೇರಿ ಮಾಡುವವನು. ದೆವ್ವ ಅಂದರೆ ಹೊಟ್ಟೆ ಹಿಡಿದು ನಗುತ್ತಿದ್ದ. ಈಗ ಬೇರೆಯವರು ಹಾಗೆ ನಕ್ಕರೆ ಸುಮ್ಮನೆ ಎದ್ದು ಹೋಗುತ್ತಾನೆ.

ಎರಡು ಸಾವಿರದ ಎಂಟನೇ ಇಸವಿಯ ಚಳಿಗಾಲ. ಕೊನೇ ಬಸ್ಸಿಗೆ ಕಿರವತ್ತಿಯಲ್ಲಿ ಇಳಿದ ಗಣಪ ಢಾಬಾದ ಕಡೆ ನಡೆದ. ಹೆಗಲಲ್ಲಿ ರಿಪೇರಿ ಚೀಲ. ಲಾರಿ ಬಂದರೆ ಒಂದು ಗಳಿಗೆ ಬೆಳಕು, ಆಮೇಲೆ ಮತ್ತೆ ಕಗ್ಗತ್ತಲೆ. ದಾರಿಯಲ್ಲೊಂದು ದೊಡ್ಡ ಆಲದ ಮರ. ಅದರಾಚೆ ಢಾಬಾದವರ ಬಾವಿ. ಮರದ ಕೆಳಗೆ ಬಂದಾಗ ಕೇಳಿಸಿತು... ಕಿರ್ರ್... ಕಿರ್ರ್... ಬಾವಿಯ ರಾಟೆ. ಗಾಳಿ ಒಂದಿಷ್ಟೂ ಇರಲಿಲ್ಲ. ಬಾವಿಕಟ್ಟೆಯ ಮೇಲೆ ಯಾರೋ ಹೆಂಗಸು, ತಲೆ ತುಂಬ ಸೆರಗು...

ಗಣಪ ಅಲ್ಲೇ ನಿಂತುಬಿಟ್ಟ.

"ಗಣಪಣ್ಣ... ನಾನು, ದೇವಿ."

ಢಾಬಾ ನಡೆಸುವ ಪಾರ್ವತವ್ವನ ಮಗಳು. ಬಾವಿ ಹಗ್ಗ ಹಿಡಿದು, ಎಳೆಯುತ್ತ ಬಿಡುತ್ತ ಸುಮ್ಮನೆ ಕೂತಿದ್ದಳು.

"ಹೆದರ್ಸಿ ಬಿಟ್ಯಲ್ಲೇ. ಎಂತ ಆತು? ಇಷ್ಟು ಹೊತ್ತಿಗೆ ಬಾ ಅಂತ ಫೋನು ಮಾಡಿದ್ದು?"

"ಶ್... ಮೆತ್ತಗ. ಅವ್ವಗ ಕೇಳಸ್ತದ. ನಂದ್ಯಾನ ಡಬ್ಬಿ ಒಯ್ದು ಬಿಡು ಅಣ್ಣಾ. ಇಲ್ಲಾಂದ್ರ ಅವ್ವ ಉಳಿಯೂದಿಲ್ಲ."

ನಂದ್ಯಾ ಅಂದರೆ ನಂದನ, ದೇವಿಯ ತಮ್ಮ. ಲಾರಿಯಲ್ಲಿ ಕ್ಲೀನರ್ ಆಗಿದ್ದ. ಘಟ್ಟದಲ್ಲಿ ಲಾರಿ ಮಗುಚಿ, ಕುತ್ತಿಗೆಯಿಂದ ಕೆಳಗೆ ಮೈಯೆಲ್ಲ ಮರವಾಯಿತು. ಬಲಗೈಯ ಎರಡು ಬೆರಳಷ್ಟೇ ಆಡುತ್ತಿದ್ದವು. ಢಾಬಾದ ಹಿಂದಿನ ಕೋಣೆಯಲ್ಲಿ ಮಲಗಿಸಿದರು. ಒಂದು ದಿನ ಟೀವಿ ರಿಪೇರಿಗೆ ಬಂದ ಗಣಪನನ್ನು ಕೇಳಿದ, "ಅಣ್ಣಾ, ಎರಡು ಬೆರಳಿನಾಗ ಮಾಡೂವಂಥ ಕೆಲಸ ಯಾವುದರ ಐತೇನು?"

ಆ ಮಾತು ಗಣಪನಿಗೆ ತಡೆಯಲಾಗಲಿಲ್ಲ. ಹುಬ್ಬಳ್ಳಿಯ ಶ್ರೀಮಂತರೊಬ್ಬರು ಮಾರಿದ ಹಳೇ ಹೋಂ ಥಿಯೇಟರಿನ ಆಂಪ್ಲಿಫೈಯರ್ ಹೊತ್ತು ತಂದ. ಭಾರದ ಕಪ್ಪು ಡಬ್ಬಿ. ಅದರ ಬೆನ್ನಿಗೆ ಎರಡು ಕಿಂಡಿ. ಒಂದು ನೆಟ್‌ವರ್ಕ್ ತಂತಿಗೆ, ಇನ್ನೊಂದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. ಆ ಕಿಂಡಿಗೆ ಕಂಪ್ಯೂಟರು ಜೋಡಿಸಿದರೆ, ಕಂಪ್ಯೂಟರು ಹೇಳಿದ ಹಾಗೆ ಡಬ್ಬಿ ಕೇಳುತ್ತದೆ. ಗಣಪನ ಹತ್ತಿರ ಇದ್ದದ್ದು ಓಬೀರಾಯನ ಕಾಲದ ಕಂಪ್ಯೂಟರು, ನೆಟ್‌ವರ್ಕ್ ಅದಕ್ಕೆ ಆಗಿಬರಲಿಲ್ಲ. ಹಾಗಾಗಿ ಸೀರಿಯಲ್ ಪೋರ್ಟಿನಿಂದಲೇ ಗೋಡೆಗುಂಟ ತಂತಿ ಎಳೆದು ಹಾಸಿಗೆಯ ಪಕ್ಕಕ್ಕೆ ತಂದ. ನಂದನ ಒಳಗೆ ಮಲಗಿ ಕೀ ಒತ್ತಿದರೆ ಸಾಕು, ಹೊರಗೆ ಊಟದ ಹಾಲಿನಲ್ಲಿ ಡಬ್ಬಿಯ ದೊಡ್ಡ ಗುಂಡಿ ತಾನೇ ತಿರುಗುತ್ತಿತ್ತು. ಒಳಗಿನ ಪುಟ್ಟ ಮೋಟರು ಸುಂಯ್... ಅನ್ನುತ್ತಿತ್ತು. ಸೌಂಡು ಏರುತ್ತಿತ್ತು, ಇಳಿಯುತ್ತಿತ್ತು.

ಮೊದಲ ದಿನ ಹುಡುಗ ಅತ್ತುಬಿಟ್ಟನಂತೆ. ಅವತ್ತಿನಿಂದ ಢಾಬಾದ ಸೌಂಡೆಲ್ಲ ಅವನದೇ.

ಆದರೆ ಒಂದು ವಿಷಯ. ಪಾರ್ವತವ್ವನಿಗೆ ಒಲೆಯ ಹೊಗೆ ಕುಡಿದು ಕುಡಿದು ಕೆಮ್ಮು ಹಿಡಿದಿತ್ತು. ಅವಳು ಕೆಮ್ಮಿದ ಕೂಡಲೇ ನಂದನ ಸೌಂಡು ಇಳಿಸಿಬಿಡುತ್ತಿದ್ದ. ಎದ್ದು ಹೋಗಿ ನೋಡಲಾರದವನು ಕಿವಿಯಲ್ಲೇ ನೋಡುತ್ತಿದ್ದ. ಲಾರಿಯವರು "ಏ, ಸೌಂಡ್ ಏರ್ಸೋ!" ಅಂತ ಕೂಗಿದರೂ ಕೇಳುತ್ತಿರಲಿಲ್ಲ. ಅವ್ವ ನೀರು ಕುಡಿದು, ತಾಮ್ರದ ಚೊಂಬು ಕಟ್ಟೆಗೆ ಟಣ್ ಅಂತ ಇಟ್ಟ ಸದ್ದು ಬರಬೇಕು. ಆಮೇಲೇ ಹಾಡು.

ಆ ವರ್ಷದ ಮಳೆಗಾಲದಲ್ಲಿ ನಂದನ ತೀರಿಕೊಂಡ. ಗಣಪನೇ ಬಂದು ಕಂಪ್ಯೂಟರು, ತಂತಿ ಬಿಚ್ಚಿ ಒಯ್ದಿದ್ದ. ಗಿರಾಕಿಗಳ ಹಾಡಿಗೆ ಬೇಕಲ್ಲ ಅಂತ ಡಬ್ಬಿ ಬಿಟ್ಟಿದ್ದ.

"ಅವ್ವ ಕೆಮ್ಮಿದ್ರ ಈಗಲೂ ಸೌಂಡ್ ಇಳೀತದ ಅಣ್ಣಾ," ಅಂದಳು ದೇವಿ.

"ರಿಮೋಟು ಎಲ್ಲಾದ್ರೂ ಒತ್ತಿ ಹೋಗಿರ್ತದೆ."

"ಅದರ ಸೆಲ್ಲು ತಗದು ಟ್ರಂಕಿನಾಗ ಇಟ್ಟೇನಿ."

ಗಣಪ ತಲೆ ಎತ್ತಿ ಢಾಬಾದ ಕಡೆ ನೋಡಿದ.

"ಅದು ಇಳಿಯೂದಕ್ಕ ನನಗ ಹೆದರಿಕಿ ಇಲ್ಲ. ನಮ್ಮ ತಮ್ಮ ಅವ... ಆದ್ರ ಅವ್ವ ಬೇಕಂತ ಕೆಮ್ತಾಳ. ಗಿರಾಕಿ ಹೋದ ಮ್ಯಾಲ ಅದರ ಮುಂದ ಕೂತು, ಬೆಳಗಾಗೂ ತನಕ. ನಿನ್ನೆ ಸೆರಗಿಗೆ ರಕ್ತ ಹತ್ತಿತ್ತು."

ಇಬ್ಬರೂ ಒಳಗೆ ಹೋದಾಗ ಢಾಬಾದ ಬೆಂಚುಗಳನ್ನು ಎತ್ತಿಟ್ಟಾಗಿತ್ತು. ಒಂದೇ ಬಲ್ಬು. ಡಬ್ಬಿಯ ಎದುರು ಮಣೆ ಹಾಕಿಕೊಂಡು ಪಾರ್ವತವ್ವ ಕೂತಿದ್ದಳು. ಯಾವುದೋ ಹಳೇ ಹಾಡು ನಡೆದಿತ್ತು.

"ಬಾ ಗಣಪ," ಅಂದಳು, ತಿರುಗದೆಯೇ. "ಒಯ್ಯಾಕ ಬಂದಿ, ಹೌದಿಲ್ಲೋ?"

ಗಣಪ ಚೀಲ ಇಳಿಸಿದ. ಬ್ಯಾಟರಿ ದೀಪ ಹಿಡಿದು ಡಬ್ಬಿಯ ಹಿಂದೆ ಬಗ್ಗಿದ. ನೆಟ್‌ವರ್ಕ್ ಕಿಂಡಿ ಖಾಲಿ. ಸೀರಿಯಲ್ ಪೋರ್ಟು ಖಾಲಿ... ಅದರ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಕರೆಂಟಿನದು, ಸ್ಪೀಕರಿನದು, ಸೀಡಿ ಪ್ಲೇಯರಿನದು ಬಿಟ್ಟರೆ ಬೇರೊಂದು ತಂತಿಯಿಲ್ಲ.

ಪಾರ್ವತವ್ವ ಕೆಮ್ಮಿದಳು. ಖೊಳ್... ಖೊಳ್ ಖೊಳ್...

ಸುಂಯ್...

ಗುಂಡಿ ತಿರುಗಿತು. ಗಣಪನ ಮೂಗಿನ ಎದುರಿಗೇ. ಮೆಲ್ಲಗೆ, ಎಡಕ್ಕೆ. ಹಾಡು ಸಣ್ಣಗಾಯಿತು, ಮತ್ತೂ ಸಣ್ಣಗಾಯಿತು... ನಿಂತೇ ಹೋಯಿತು.

ಆಮೇಲಿನ ಆ ಮೌನ ಇದೆಯಲ್ಲ, ಅದನ್ನು ಹೇಳುವಾಗ ಗಣಪ ಈಗಲೂ ಕೈ ಉಜ್ಜಿಕೊಳ್ಳುತ್ತಾನೆ. ಗೋಡೆಯಾಚೆ ಯಾರೋ ಉಸಿರು ಬಿಗಿಹಿಡಿದು ಕಿವಿಗೊಟ್ಟ ಹಾಗಿತ್ತಂತೆ.

"ಕೇಳಾಕತ್ತಾನ," ಅಂದಳು ಪಾರ್ವತವ್ವ. ಮುಖದ ಮೇಲೆ ನಗೆ. ತುಟಿಯ ಕೊನೆಗೆ ಕೆಂಪು. "ನೋಡ್ದಿ? ನನ್ನ ಕೂಸು ಎಲ್ಲೂ ಹೋಗಿಲ್ಲ." ಮತ್ತೆ ಕೆಮ್ಮಿದಳು. ಗಂಟಲು ಹರಿಯುವ ಹಾಗೆ.

ಬಾಗಿಲ ಹತ್ತಿರ ದೇವಿ ಬಾಯಿಗೆ ಕೈ ಒತ್ತಿ ನಿಂತಿದ್ದಳು. ಗಣಪನಿಗೆ ಪ್ಲಗ್ ಕಿತ್ತು ಡಬ್ಬಿ ಎತ್ತಿಕೊಂಡು ಓಡಬೇಕು ಅನಿಸಿತು. ಆದರೆ ಕೈ ಬರಲಿಲ್ಲ. ಹೋಗಿ ಮುದುಕಿಯ ಪಕ್ಕ ನೆಲದ ಮೇಲೆ ಕೂತ. ಅವಳ ಕಿವಿಗಷ್ಟೇ ಕೇಳುವ ಹಾಗೆ ಅಂದ:

"ಅವ್ವಾ... ಅವ ಕೇಳ್ತಾ ಇದ್ದಾನೆ, ನಾನು ಇಲ್ಲ ಅನ್ನೂದಿಲ್ಲ. ಆದ್ರೆ ಇದು ಸುಳ್ಳು ಕೆಮ್ಮು ಅಂತ ಅವನಿಗೆ ಹ್ಯಾಂಗೆ ಗೊತ್ತಾಗಬೇಕು?"

ಪಾರ್ವತವ್ವ ತಿರುಗಿ ನೋಡಿದಳು.

"ಎದ್ದು ಬರೋಕೆ ಆಗ್ತಿಲ್ಲ ಅವನಿಗೆ. ಅವ್ವಗೆ ಏನೋ ಆಯ್ತು ಅಂತ ದಿನಾ ರಾತ್ರಿ ಹೆದರ್ತಾ ಇದ್ದಾನಲ್ಲವ್ವಾ..."

ಅವಳ ಮುಖದ ನಗೆ ಹಾಗೇ ಆರಿಹೋಯಿತು. "ಅಯ್ಯ ಶಿವನ..." ಅಂದಳು. "ನಾ ಅದನ್ನ ಯೋಚನಿ ಮಾಡ್ಲೇ ಇಲ್ಲಲ್ಲೋ..."

ಅಷ್ಟರಲ್ಲಿ ನಿಜವಾದ ಕೆಮ್ಮು ಬಂತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೆಗಲು ಅಲುಗಿತು, ಕಣ್ಣಲ್ಲಿ ನೀರು ಸುರಿಯಿತು, ಸದ್ದು ಮಾತ್ರ ಹೊರಗೆ ಬಿಡಲಿಲ್ಲ. ದೇವಿ ಓಡಿ ಬಂದು ಬೆನ್ನು ನೀವಿದಳು. ಚೊಂಬು ತಂದು ಹಿಡಿದಳು. ಪಾರ್ವತವ್ವ ಗುಟುಕು ಗುಟುಕಾಗಿ ಕುಡಿದು, ಚೊಂಬನ್ನು ಕಟ್ಟೆಗೆ ಟಣ್ ಅಂತ ಇಟ್ಟಳು.

"ನಂದ್ಯಾ," ಅಂದಳು. ದನಿ ಒಡೆದಿತ್ತು. "ಆರಾಮ ಅದೀನಿ. ನೀರು ಕುಡದೆ. ಅಕ್ಕ ಇಲ್ಲೇ ಅದಾಳ. ನೀ ಮಲಕೋ ಮಗನ..."

ಯಾರೂ ಅಲುಗಲಿಲ್ಲ. ಹೊರಗೊಂದು ಲಾರಿ ಹೋಯಿತು. ಅದರ ಸದ್ದು ಪೂರ್ತಿ ಕರಗಿತು.

ಸುಂಯ್...

ಗುಂಡಿ ಬಲಕ್ಕೆ ತಿರುಗಿತು. ಹಾಡು ಎಲ್ಲಿಂದಲೋ ನಡೆದು ಬಂದ ಹಾಗೆ ಹತ್ತಿರವಾಯಿತು, ಏರಿತು. ನಂದನ ಯಾವಾಗಲೂ ಇಡುತ್ತಿದ್ದ ಹದಕ್ಕೆ ಬಂದು ನಿಂತಿತು. ಮುಂದೆ ಅಲುಗಲಿಲ್ಲ.

ಪಾರ್ವತವ್ವ ಆ ಹಾಡು ಮುಗಿಯುವ ತನಕ ಕೇಳಿದಳು. ಆಮೇಲೆ ತಾನೇ ಕೈ ಚಾಚಿ ಸ್ವಿಚ್ ಆರಿಸಿದಳು. ಡಬ್ಬಿಯೊಳಗೆ ಟಿಕ್ ಅಂತು.

"ಒಯ್ಯಿ ಗಣಪ. ಇಲ್ಲಿದ್ರ ನಾ ಮತ್ತ ಕೆಮ್ತೇನಿ."

ಬೆಳಗಿನ ಮೊದಲ ಬಸ್ಸಿಗೆ ಗಣಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಪಾರ್ವತವ್ವ ಆಮೇಲೆ ನಾಲ್ಕಾರು ವರ್ಷ ಇದ್ದಳು. ರಕ್ತ ನಿಂತಿತು. ಆದರೆ ಢಾಬಾದಲ್ಲಿ ಮತ್ತೆ ಹಾಡು ಹಾಕಿಸಲಿಲ್ಲ. ಲಾರಿಯವರು ಕೇಳಿದರೆ, "ಬ್ಯಾಡ್ರಿ, ಹುಡುಗ ಮಲಗ್ಯಾನ" ಅನ್ನುತ್ತಿದ್ದಳಂತೆ.

ಗಣಪ ಆ ಡಬ್ಬಿಯನ್ನು ಮಾರಲಿಲ್ಲ. ಕೆಲವು ದಿನ ಅಂಗಡಿಯ ಮೂಲೆಯಲ್ಲಿತ್ತು. ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಮುಚ್ಚಳ ಬಿಚ್ಚಿದ. ನಾನೂ ಅಲ್ಲೇ ಇದ್ದೆ, ಚಾ ಕುಡಿಯುತ್ತ. ಸೀರಿಯಲ್ ಪೋರ್ಟಿನಿಂದ ಒಳಗಿನ ಬೋರ್ಡಿಗೆ ಹೋಗುವ ಸಣ್ಣ ತಂತಿಗಳ ಪಟ್ಟಿ ಇರುತ್ತದೆ. ಅದನ್ನು ಇಲಿ ಪೂರ್ತಿ ಕಡಿದು ಹಾಕಿತ್ತು. ಕಡಿದ ತುದಿಗಳಿಗೆ ದಪ್ಪಗೆ ಹಸಿರು ಕಿಲುಬು. ನಂದನ ಹೋಗಿ ಆರು ತಿಂಗಳೂ ಆಗಿರಲಿಲ್ಲ. ಆ ಕಿಲುಬು ಎರಡು ಮಳೆಗಾಲ ಕಂಡದ್ದು. ಅಂದರೆ ನಂದನ ಬದುಕಿದ್ದಾಗಲೇ, ಕೊನೆಯ ಒಂದು ವರ್ಷವಾದರೂ, ಅವನು ಒತ್ತಿದ ಕೀ ಈ ಡಬ್ಬಿಗೆ ಮುಟ್ಟುತ್ತಿರಲಿಲ್ಲ. ಆದರೂ ಆ ವರ್ಷವೆಲ್ಲ ಅವ್ವ ಕೆಮ್ಮಿದಾಗ ಸೌಂಡು ಇಳಿದೇ ಇತ್ತು.

ಗಣಪ ಕಡಿದ ತುದಿ ನನ್ನ ಕೈಗೆ ಕೊಟ್ಟ. "ಅವ್ವಂಗೆ ಇದ್ನ ಹೇಳ್ಬೇಡ ಮಾರಾಯ," ಅಂದ. ಮುಚ್ಚಳ ಹಾಕಿ ತಿರುಪು ಬಿಗಿದ.

ನಂಬಿ, ಬಿಡಿ. ಆ ಕಡಿದ ತಂತಿ ನಾನೇ ಬೆರಳಲ್ಲಿ ಹಿಡಿದು ನೋಡಿದ್ದು. ಹಸಿರು ಪುಡಿ ಕೈಗೆ ಹತ್ತಿತ್ತು.