ಅಡ್ಡಗೋಡೆಯ ದೀಪ: ಒಂದು ತಿದ್ದುಪಡಿ

ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಾದ ಶ್ರೀ ವಾಗೀಶ ಅವರೇ, ಮುಖ್ಯ ಅತಿಥಿಗಳೇ, ಊಟ ತಡವಾಗುತ್ತಿದ್ದರೂ ಎದ್ದು ಹೋಗದೆ ಕೂತಿರುವ ಒಂಟಿಕೊಪ್ಪಲಿನ ಸಭಿಕರೇ,

ಪಾರ್ಕಿನ ಗೇಟಿನ ಪಕ್ಕದ ಕರಿಹಲಗೆಯ ಮೇಲೆ ಇಪ್ಪತ್ತೆರಡು ವರ್ಷ ದಿನಕ್ಕೊಂದು ವಿಷಯ ಬರೆದದ್ದಕ್ಕೆ ಈ ಸುಂದರೇಶನಿಗೆ ಇವತ್ತು ಸನ್ಮಾನ. ಪೇಟ ತೊಡಿಸಿದ್ದೀರಿ. ನನ್ನ ತಲೆಗೆ ಸ್ವಲ್ಪ ದೊಡ್ಡದು, ಅದಕ್ಕೇ ಅಲುಗಾಡದೆ ಮಾತಾಡುತ್ತಿದ್ದೇನೆ.

ಆ ಹಲಗೆಯ ಮೇಲೆ ನಾನು ಬರೆದದ್ದೇನು? ಗಾದೆ ಎಲ್ಲಿಂದ ಬಂತು, ಯಾವ ಅಂಗಡಿಗೆ ಯಾಕೆ ಆ ಹೆಸರು, ಬಿಸ್ಕತ್ತಿಗೆ ತೂತು ಯಾಕೆ. ಇಂಥವೇ. ಹೆಬ್ಬಾಳದ ಕಾರ್ಖಾನೆಗೆ ಶಿಫ್ಟಿಗೆ ಹೋಗುತ್ತಿದ್ದ ಕಾಲದಲ್ಲೂ ಬಸ್ಸು ಹಿಡಿಯುವ ಮೊದಲು ಬರೆದೇ ಹೋಗುತ್ತಿದ್ದೆ.

ಆದರೆ ಬರೆಯುವ ಮೊದಲು ಮನೆಯಲ್ಲಿ ಒಂದು ಪರೀಕ್ಷೆ ಇತ್ತು. ನನ್ನ ಹೆಂಡತಿ ಶಾರದ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದಳು. ನಾನು ವಿಷಯವನ್ನು ಗಟ್ಟಿಯಾಗಿ ಓದಬೇಕು. ಅವಳು ಮೊರದಿಂದ ತಲೆ ಎತ್ತದೆ ಕೇಳುತ್ತಿದ್ದದ್ದು ಒಂದೇ ಮಾತು: “ಯಾರ್ರೀ ನಿಮಗೆ ಹೇಳಿದ್ದು?”

ಉತ್ತರ ಇಲ್ಲದಿದ್ದರೆ ಆ ವಿಷಯ ಹಲಗೆಗೆ ಹೋಗುವಂತಿರಲಿಲ್ಲ. ಬೇಯುವಾಗ ಆವಿ ಹೋಗಲಿ ಎಂದು ಬಿಸ್ಕತ್ತಿಗೆ ತೂತು ಮಾಡುತ್ತಾರೆ ಅಂದೆ. ಯಾರ್ರೀ ಹೇಳಿದ್ದು ಅಂದಳು. ಬೇಕರಿ ದೊರೆಸ್ವಾಮಿಯವರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ಅವರು ಹೌದು ಅಂದರು, ಅನುಮಾನದಿಂದ ನೋಡಿ ಎರಡು ರಸ್ಕನ್ನೂ ಕೊಟ್ಟರು. ಈ ಹೆಂಗಸಿನ ಕಾಟಕ್ಕೆ ನಾನು ಎಷ್ಟು ಸಲ ಗೊಣಗಿಲ್ಲ? ಎಷ್ಟು ಸಲ ಲೈಬ್ರರಿಯ ಮೆಟ್ಟಿಲು ಹತ್ತಿಲ್ಲ?

ಶಾರದ ಹೋಗಿ ನಾಲ್ಕು ವರ್ಷವಾಯಿತು. ಈಗಲೂ ಬೆಳಗ್ಗೆ ಗಟ್ಟಿಯಾಗಿಯೇ ಓದುತ್ತೇನೆ. ಓದಿ ಸ್ವಲ್ಪ ಹೊತ್ತು ಕಾಯುತ್ತೇನೆ. ಅಭ್ಯಾಸ, ಅಷ್ಟೇ.

ಸಭಿಕರೇ, ಈಗ ಒಂದು ವಿಷಯ ಹೇಳಲೇಬೇಕು. ಇದೀಗ ಅಧ್ಯಕ್ಷರು ನನ್ನನ್ನು ಹೊಗಳುತ್ತಾ ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂಬ ಮಾತು ಹುಟ್ಟಿದ ಕಥೆ ಹೇಳಿದರು. ಒಂಟಿಕೊಪ್ಪಲಿನ ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರು, ಇದ್ದ ಒಂದು ದೀಪಕ್ಕೆ ಜಗಳವಾಡಿದರು, ಕೊನೆಗೆ ತಾಯಿ ಅದನ್ನು ನಡುಗೋಡೆಯ ಮೇಲೆ ಇಟ್ಟಳು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ.

ಆ ಕಥೆ ಸುಳ್ಳು. ಅಂಥ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಶಾರದ ಹೋದ ಮೂರನೆಯ ತಿಂಗಳು ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ ನಾನೇ ಕಟ್ಟಿ ಹಲಗೆಯ ಮೇಲೆ ಬರೆದದ್ದು. ಯಾಕೆ ಕಟ್ಟಿದೆ? ಯಾರಾದರೂ ಬಂದು ಕೇಳಲಿ ಅಂತ. ಆ ದಿನ ಸಂಜೆಯವರೆಗೂ ಹಲಗೆಯ ಎದುರಿನ ಬೆಂಚಿನ ಮೇಲೆ ಕೂತಿದ್ದೆ. ಜನ ಬಂದರು, ಓದಿದರು, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು, ‘ಚೆನ್ನಾಗಿದೆ ಸಾರ್’ ಅಂದರು. ತಿಂಗಳು ಕಳೆದ ಮೇಲೆ ಕಡಕೊಳದ ಬಸ್ಸಿನಲ್ಲಿ ಒಬ್ಬರು ಅದೇ ಕಥೆಯನ್ನು ನನಗೇ ಹೇಳಿದರು. “ನಮ್ ತಾತ ಆ ಗೋಡೆ ಕಣ್ಣಾರೆ ನೋಡಿದ್ರು ಕಣ್ರೀ” ಅಂದರು. ನಾನು ಹೌದಾ ಅಂದೆ. ಇನ್ನೇನು ಅನ್ನಲಿ?

ಆಮೇಲೆ ಒಂದಷ್ಟು ತಿಂಗಳು ವಾರಕ್ಕೊಂದು ಸುಳ್ಳು ಬರೆದೆ. ಬೇಕೆಂದೇ ದಡ್ಡ ಸುಳ್ಳು, ಸುಲಭವಾಗಿ ಸಿಕ್ಕಿಬೀಳುವಂಥದ್ದು. ಒಬ್ಬರೂ ಹಿಡಿಯಲಿಲ್ಲ. ಈಗಲೂ ನಗುತ್ತಿದ್ದೀರಿ. ಇದೂ ನನ್ನ ತಮಾಷೆಯೇ ಅಂದುಕೊಂಡಿದ್ದೀರಿ.

ತಮಾಷೆಯಲ್ಲ. ನೀವು ನನ್ನನ್ನು ನಂಬಿದಿರಿ, ಅದು ದೊಡ್ಡ ಗೌರವ. ಆದರೆ ನನ್ನ ಮಾತನ್ನು ನಂಬದೆ ಇದ್ದವಳು ಅದನ್ನು ಪೂರ್ತಿ ಕೇಳುತ್ತಿದ್ದಳು. ಈ ಶಾಲು ಹೊದ್ದು ಮನೆಗೆ ಹೋದರೆ ಇದನ್ನು ಕೊಟ್ಟವರು ಯಾರು ಎಂದು ಕೇಳುವವರೂ ಇಲ್ಲ. ಹಣ್ಣಿನ ಬುಟ್ಟಿ ಒಬ್ಬನಿಗೆ ಹೆಚ್ಚಾಯಿತು, ಬಾಗಿಲ ಬಳಿ ಇಟ್ಟಿರುತ್ತೇನೆ, ಹೋಗುವಾಗ ತೆಗೆದುಕೊಳ್ಳಿ.

ನಾಳೆ ಹಲಗೆಯ ಮೇಲೆ ಎಲ್ಲ ಸುಳ್ಳುಗಳ ಪಟ್ಟಿ ಇರುತ್ತದೆ. ಕೆಳಗೆ ಒಂದು ಗೇಣು ಜಾಗ ಬಿಟ್ಟು, ಒಂದು ಸೀಮೆಸುಣ್ಣವನ್ನೂ ಇಟ್ಟಿರುತ್ತೇನೆ. ಪಟ್ಟಿಯಲ್ಲಿ ಒಂದು ನಿಜವೂ ಸೇರಿರುತ್ತದೆ. ಯಾವುದು ಅಂತ ಹೇಳುವುದಿಲ್ಲ. ಯಾರಾದರೂ ಒಬ್ಬರು, ಮಕ್ಕಳಾದರೂ ಸರಿ, ಅಲ್ಲಿ ಬರೆಯಿರಿ: ಯಾರ್ರೀ ನಿಮಗೆ ಹೇಳಿದ್ದು? ನಾನು ಎದುರಿನ ಬೆಂಚಿನಲ್ಲೇ ಇರುತ್ತೇನೆ.

ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆ. ಬಗ್ಗಿದರೆ ಪೇಟ ಬೀಳುತ್ತದೆ, ನಿಂತಲ್ಲಿಂದಲೇ ನಮಸ್ಕಾರ.