ಸಾಬುದಾಣಿ ಪಾಕೀಟಿನ ನಾಲ್ಕು ಪೆಟ್ಟು

ಇಂದು ಬೆಳಗಿನ ಜಾವ ನಾಲ್ಕೂವರೆಗೆ, ಅಡುಗೆಮನೆಯಲ್ಲಿ ಯಾರೋ ಸ್ಟೀಲ್ ಡಬ್ಬಿ ಬಡಿದ ಸದ್ದಿಗೆ ಎಚ್ಚರಗೊಂಡವಳು ನಾನು. ಆಮೇಲೆ ಮಲಗಿಲ್ಲ. ಆದ್ದರಿಂದ ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮಧುಕರ್ ಅವರೇ, ಈಗಷ್ಟೇ ನಮ್ಮ ಕನ್ನಡ ಬಳಗದ ಸನ್ಮಾನ ಸ್ವೀಕರಿಸಿದ ಶರಣ್ಯಾ ಮೇಡಂ ಅವರೇ, ಹಿರಿಯರೇ, ಹಿಂದಿನಿಂದ ಊಟದ ವಾಸನೆ ಬರುತ್ತಿದ್ದರೂ ಏಳದೆ ಕುಳಿತಿರುವ ಸಭಿಕರೇ, ನನ್ನ ಮಾತು ಎಡವಿದರೆ ಅದು ಅಗೌರವವಲ್ಲ, ನಿದ್ದೆಗೆಟ್ಟದ್ದರ ಫಲ ಎಂದು ತಿಳಿಯಿರಿ.

ನನ್ನ ಹೆಸರು ಶೀತಲ್. ಇಲ್ಲೇ ಪುಣೆಯ ನಿಗಡಿಯಲ್ಲಿ ಮನೆ. ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ಪಾಠ ಹೇಳುವ ಶರಣ್ಯಾ ಮೇಡಂ ಬಗ್ಗೆ, ಪಾಲಕರ ಪರವಾಗಿ ಎರಡು ಮಾತು ಆಡಲು ನನಗೆ ಹೇಳಿದ್ದಾರೆ. ಎರಡರಲ್ಲಿ ಮುಗಿಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ನಮ್ಮ ಮಗಳು ಗಾರ್ಗಿಗೆ ಎಂಟು ವರ್ಷ. ಕೇಳಿದ ಕಥೆಯನ್ನು ಕೇಳಿದ್ದಕ್ಕಿಂತ ಚೆನ್ನಾಗಿ ಹೇಳುತ್ತಾಳೆ. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಅವಳಿಗೆ ಸಿಗುತ್ತಿರಲಿಲ್ಲ. ಶಾಲೆಯವರು ಕರೆಸಿದರು. ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ತರಗತಿಯಲ್ಲಿ ಇಂಗ್ಲಿಷ್. ಮಗುವಿನ ತಲೆಯಲ್ಲಿ ಜಾಗ ಸಾಲುತ್ತಿಲ್ಲ, ಒಂದನ್ನು ಕಡಿಮೆ ಮಾಡಿ ಎಂದರು. ಶಾಲೆ ಬಿಡುವ ಹಾಗಿಲ್ಲ. ಪುಣೆಯಲ್ಲಿದ್ದು ಮರಾಠಿ ಬಿಡುವ ಹಾಗಿಲ್ಲ. ಉಳಿದದ್ದು ಯಾವುದು? ಇಲ್ಲಿರುವ ಎಷ್ಟು ಮನೆಗಳಲ್ಲಿ ಇದೇ ಲೆಕ್ಕ ನಡೆದಿದೆಯೋ, ಕೈ ಎತ್ತಿ ಎಂದು ನಾನು ಕೇಳುವುದಿಲ್ಲ.

ಅಂದಿನಿಂದ ಮನೆಯಲ್ಲಿ ಕನ್ನಡ ನಿಂತಿತು. ನನ್ನ ಗಂಡ ಸಂಜು ಅವರಿಗೆ ಬರುವುದು ಆಫೀಸಿನ ಇಂಗ್ಲಿಷ್. "ಗಾರ್ಗಿ, ಕೈಂಡ್ಲಿ ಫಿನಿಶ್ ದಿ ಮಿಲ್ಕ್ ಅಂಡ್ ಕನ್ಫರ್ಮ್" ಎನ್ನುತ್ತಿದ್ದರು. ನೀವು ನಗುತ್ತಿದ್ದೀರಿ, ಆಗ ನಾವು ನಗಲಿಲ್ಲ. ನಮ್ಮ ಅತ್ತೆ ಶಿವಗಂಗವ್ವನವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಅವರು ಸುಮ್ಮನಾದರು. ಮೊಮ್ಮಗಳ ಜಡೆ ಹಾಕುವಾಗಲೂ ಮಾತಿಲ್ಲ. ಮೂರು ತಿಂಗಳಾದ ಮೇಲೆ ಒಂದು ದಿನ ಬಾಗಿಲ ಬಳಿ ಅವರ ಬ್ಯಾಗು ಇತ್ತು. "ನನ್ನ ಮಾತಿನಿಂದನ ಕೂಸಿನ ತಲಿ ತುಂಬತದ ಅಂದ್ರ, ನಾ ದೌಂಡದಾಗ ಸಣ್ಣ ಮಗನ ಮನ್ಯಾಗ ಇರ್ತೀನಿ" ಎಂದರು. ದೌಂಡದಲ್ಲಿ ನನ್ನ ಮೈದುನ ರೈಲ್ವೆಯಲ್ಲಿದ್ದಾರೆ.

ಅದೇ ವಾರ ಯಾರೋ ಶರಣ್ಯಾ ಮೇಡಂ ಹೆಸರು ಹೇಳಿದರು. ವಾಕಡದಲ್ಲಿ ಅವರ ತಂದೆಯ ಹೋಟೆಲಿದೆ, ಅದರ ಮೇಲಿನ ಮಹಡಿಯಲ್ಲಿ ಇವರ ಕೋಣೆ. ಮಕ್ಕಳು ಹೆದರಿಕೊಂಡು ಮೆಟ್ಟಿಲು ಹತ್ತುತ್ತಾರೆ, ಅಪ್ಪಂದಿರು ದೋಸೆಯ ನೆಪದಲ್ಲಿ ಕೆಳಗೇ ಉಳಿಯುತ್ತಾರೆ. ಮೇಡಂ ಕೇಳಿದ ಮೊದಲ ಪ್ರಶ್ನೆ: "ಮನೇಲಿ ಮಗುವಿನ ಹತ್ರ ಜಾಸ್ತಿ ಮಾತಾಡುವುದು ಯಾರು?"

"ನಮ್ಮವ್ವ ರೀ," ಎಂದರು ಸಂಜು. "ಆದ್ರ ಸದ್ಯಕ್ಕ ಬಂದ್ ಇಟ್ಟೀವಿ."

"ಬಂದ್ ಇಡ್ಲಿಕ್ಕೆ ಅವರೆಂತ ಅಂಗಡಿಯಾ ಮಾರಾಯ್ರೆ? ಮೆದುಳು ತುಂಬಿ ಹೋಗುವ ಡಬ್ಬಿ ಅಲ್ಲ. ಬಳಸಿದ ಹಾಗೆ ಬದಲಾಗ್ತದೆ. ಮೊದಲು ಅವರನ್ನು ಕರ್ಕೊಂಡು ಬನ್ನಿ."

ಸಭಿಕರೇ, ಅಂದು ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನೋಡುವುದಕ್ಕೆ, ಕೇಳುವುದಕ್ಕೆ, ಮಾತಿಗೆ ಮೆದುಳಿನಲ್ಲಿ ಹುಟ್ಟುವಾಗಲೇ ಏರ್ಪಾಡಿದೆ. ಓದುವುದಕ್ಕೆ ಇಲ್ಲ. ನಿಮಗೂ ಇರಲಿಲ್ಲ, ನನಗೂ ಇರಲಿಲ್ಲ. ಪ್ರತಿ ಮಗುವೂ ಕಣ್ಣಿನ ಜಾಗದಿಂದ ಧ್ವನಿಯ ಜಾಗಕ್ಕೆ ತಾನೇ ಹೊಸ ದಾರಿ ಹಾಕಿಕೊಳ್ಳಬೇಕು. ಕೆಲವರಿಗೆ ಬೇಗ ಆಗುತ್ತದೆ, ಗಾರ್ಗಿಯಂಥವರಿಗೆ ನಿಧಾನ. ಆದರೆ ತಕ್ಕ ಅಭ್ಯಾಸವನ್ನು ಬಿಡದೆ ಮಾಡಿಸಿದರೆ ದಾರಿ ಮೂಡುತ್ತದೆ. ಇದನ್ನು ನ್ಯೂರೋಪ್ಲಾಸ್ಟಿಸಿಟಿ ಎನ್ನುತ್ತಾರೆ. ಬಿ.ಎಸ್ಸಿ. ಪರೀಕ್ಷೆಯಲ್ಲಿ ಈ ಪದ ಬರೆದು ಅಂಕ ಪಡೆದವಳು ನಾನು. ಅದು ನನ್ನ ಪಕ್ಕದಲ್ಲೇ ಬಾಯಿ ತೆರೆದು ಮಲಗಿರುವ ಪುಟ್ಟ ತಲೆಯೊಳಗೆ ನಡೆಯುವ ಕೆಲಸ ಎಂದು ಯಾರಿಗೆ ಹೊಳೆದಿತ್ತು? ಈಗ ರಾತ್ರಿ ಆ ತಲೆಯ ಮೇಲೆ ಕೈಯಿಟ್ಟು ಕೂರುತ್ತೇನೆ. ಒಳಗೆ ರಸ್ತೆ ಕೆಲಸ ನಡೆದಿದೆ. ನಮ್ಮ ಪುಣೆಯ ರಸ್ತೆಗಳಿಗಿಂತ ಬೇಗ ಮುಗಿಯಲಿ ಎಂದು ಬೇಡಿಕೊಳ್ಳುತ್ತೇನೆ.

ಅತ್ತೆಯವರು ದೌಂಡಕ್ಕೆ ಹೋಗದೆ ಮೇಡಂ ಬಳಿಗೆ ಬಂದರು. "ನಾ ಸಾಲಿ ಕಲ್ತಾಕಿ ಅಲ್ಲವ್ವಾ" ಎಂದರು. "ಮಾತಾಡ್ತೀರಲ್ಲ ಅಜ್ಜಿ, ಸಾಕು" ಎಂದರು ಮೇಡಂ. "ಮಾತಾ? ಮೂರು ತಿಂಗಳದ್ದು ಬಾಕಿ ಅದ."

ಪದವನ್ನು ಧ್ವನಿಗಳಾಗಿ ಬಿಡಿಸುವುದು, ಮತ್ತೆ ಕೂಡಿಸುವುದು, ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ. ಮೇಡಂ ಕಲಿಸಿಕೊಟ್ಟ ಆಟ ಇದು. ಅತ್ತೆ ಡಬ್ಬಿಯ ಮುಚ್ಚಳ ಹಿಡಿದರು. ಜೋ, ಳ: ಎರಡು ಪೆಟ್ಟು. "ಬದನೀಕಾಯಾಗ ಬ ತಗದ್ರ ಏನ ಉಳಿತದ, ಗಾರ್ಗವ್ವಾ?" "ದನೀಕಾಯಿ!" ಇಬ್ಬರೂ ನೆಲಕ್ಕೆ ಬಿದ್ದು ನಗುತ್ತಿದ್ದರು. ಅದರೊಂದಿಗೆ ಮೇಡಂ ಅಕ್ಷರಗಳನ್ನು ಒಂದೊಂದಾಗಿ ಜೋಡಿಸುತ್ತ ಬಂದರು. ಇದು ಮಂತ್ರವಲ್ಲ. ಇಂದು ಬಂದ ಅಕ್ಷರ ನಾಳೆ ಮಾಯ. ತಿಂಗಳುಗಟ್ಟಲೆ ಹಾಗೇ ನಡೆಯಿತು. ನಾನು ಅಳುತ್ತಿದ್ದೆ, ಅತ್ತೆ ಮುಚ್ಚಳ ಬಡಿಯುತ್ತಿದ್ದರು.

ಇನ್ನು ಇಂದು ಬೆಳಗಿನ ಸದ್ದು. ಅತ್ತೆ ನಾಷ್ಟಾಕ್ಕೆ ಸಾಬುದಾಣಿ, ಅದೇ ಸಬ್ಬಕ್ಕಿ, ನೆನೆಹಾಕಲು ಎದ್ದಿದ್ದರು. ನೀರು ಕುಡಿಯಲು ಹೋದ ಗಾರ್ಗಿ, ಯಾರೂ ಹೇಳದೆ, ಅಂಗಡಿಯ ಪಾಕೀಟಿನ ಮೇಲಿದ್ದ, ಶಾಲೆಯಲ್ಲಿ ಕಲಿಸಿದರೂ ಕೂಡಿಸಿ ಓದಲು ಬಾರದಿದ್ದ ಮರಾಠಿ ಅಕ್ಷರಗಳ ಮೇಲೆ ಬೆರಳಿಟ್ಟಿದ್ದಳು. ಸಾ. ಡಬ್ಬಿಗೆ ಒಂದು ಪೆಟ್ಟು. ಬು. ದಾ. ಣಾ.

"ಕಾಳ ನೋಡಿ ಹೇಳಿದಿ ನೀ" ಎಂದರು ಅತ್ತೆ.

"ಇಲ್ಲಜ್ಜಿ, ಅಕ್ಷರ ನೋಡಿ ಹೇಳೀನಿ. ಬೇಕಾದ್ರ ಕಾಳ ಮುಚ್ಚು."

ಅತ್ತೆ ಅಂಗೈಯಿಂದ ಕಾಳು ಮುಚ್ಚಿದರು. ಗಾರ್ಗಿಯ ಬೆರಳು ಕೆಳಗಿನ ಸಣ್ಣ ಸಾಲಿಗೆ ಇಳಿಯಿತು. ಅ... ಅರ್... ಧಾ. ಕಿ. ಲೋ. ಅರ್ಧಾ ಕಿಲೋ.

ಕನ್ನಡದಲ್ಲಿ ಹಾಕಿದ ದಾರಿಯಲ್ಲಿ ಮರಾಠಿ ನಡೆದು ಬಂದಿತ್ತು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋದರೆ ಎಲ್ಲಿ ಅಳಿಸಿಹೋಗುತ್ತದೋ ಎಂಬ ಭಯ. ಅತ್ತೆ ಮುಚ್ಚಿದ ಕೈ ತೆಗೆದಿರಲಿಲ್ಲ. ದೇವರ ಮುಂದೆ ನಿಂತಾಗಲೂ ಅವರ ಮುಖವನ್ನು ನಾನು ಹಾಗೆ ಕಂಡಿಲ್ಲ.

ನನ್ನ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸಂಜೆ ಒಳಗೆ ಬರುವಾಗ, ಚಪ್ಪಲಿ ಬಿಡುವಲ್ಲಿ ಒಬ್ಬ ತಾಯಿ ನನಗೆ ಹೇಳಿದರು: "ಇದರ ತಲಿಗೆ ಏನೂ ಹತ್ತಾಂಗಿಲ್ರಿ. ನಾಳೆ ಮುಂಜಾನಿ ಗಾಡಿಗೆ ಹಾಸ್ಟೆಲಿಗೆ ಕಳಸಾಕತ್ತೀವಿ. ಬ್ಯಾಗ್ ತುಂಬಿಟ್ಟೀನಿ." ನಗುತ್ತಲೇ ಹೇಳಿದರು. ಪಕ್ಕದಲ್ಲಿದ್ದ ಮಗು ತನ್ನ ಕಾಲ್ಬೆರಳು ನೋಡುತ್ತಿತ್ತು. ನಾನು ಉತ್ತರ ಕೊಡುವಷ್ಟರಲ್ಲಿ ಪ್ರಾರ್ಥನೆ ಶುರುವಾಯಿತು.

ತಾಯಿ, ನೀವು ಈ ಸಭೆಯಲ್ಲಿದ್ದೀರಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಸೀರೆಯ ಬಣ್ಣ ಹೇಳುವುದಿಲ್ಲ, ಮಗನೋ ಮಗಳೋ ಎಂದೂ ಹೇಳುವುದಿಲ್ಲ. ದಯವಿಟ್ಟು ಯಾರೂ ತಿರುಗಿ ನೋಡಬೇಡಿ. ಗಾಡಿ ನಾಡಿದ್ದೂ ಇರುತ್ತದೆ, ಮುಂದಿನ ವಾರವೂ ಇರುತ್ತದೆ. ನಾಳೆ ಎಂಟಕ್ಕೆ ನಿಮ್ಮ ಮಗುವನ್ನು ನೋಡುತ್ತೇನೆ ಎಂದು ಶರಣ್ಯಾ ಮೇಡಂ ನನಗೆ ಈಗಷ್ಟೇ ಮಾತು ಕೊಟ್ಟಿದ್ದಾರೆ. ಬಾಗಿಲ ಬಳಿಯ ಕುಂಕುಮದ ತಟ್ಟೆಯ ಕೆಳಗೆ ನನ್ನ ನಂಬರು ಬರೆದ ಚೀಟಿಗಳಿವೆ. ಎಲ್ಲರೂ ಒಂದೊಂದು ತೆಗೆದುಕೊಳ್ಳಿ, ಆಗ ಯಾರಿಗೆ ಬೇಕಾಗಿತ್ತು ಎಂದು ಯಾರಿಗೂ ತಿಳಿಯುವುದಿಲ್ಲ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ನಮ್ಮ ಮನೆಗೆ ಮಾತು ಮರಳಿ ತಂದ ಶರಣ್ಯಾ ಮೇಡಂ ಅವರಿಗೆ ಕೈ ಮುಗಿಯುತ್ತೇನೆ. ಉಳಿದವರು ಊಟ ಮಾಡಿ ನೆಮ್ಮದಿಯಾಗಿ ಮಲಗಿ. ನೀವು ಮಾತ್ರ ತಾಯಿ, ಎಷ್ಟು ಹೊತ್ತಾದರೂ ಸರಿ, ಬ್ಯಾಗು ಎತ್ತುವ ಮೊದಲು, ಬೆಳಗಾಗುವ ಮೊದಲು, ಒಂದು ಫೋನ್ ಮಾಡಿ. ನಾನು ಹೇಗೂ ಎದ್ದೇ ಇರುತ್ತೇನೆ. ನಮಸ್ಕಾರ.